ಲಚ್ಚಿಯನ್ನು ಮಾರಲು ತೆಗೆದ ವಿಡಿಯೊ

ನನ್ನ ಮೊದಲ ಚಿತ್ರದ ನಾಯಕಿಗೆ ನಾಲ್ಕು ಕಾಲು.

ನಗಬೇಡಿ. ಬಾಲವೂ ಇತ್ತು. ಕೊಂಬು ಮಾತ್ರ ಇರಲಿಲ್ಲ (ಕರುವಾಗಿದ್ದಾಗಲೇ ಸುಡಿಸಿದ್ದರಂತೆ). ಹೆಸರು ಲಚ್ಚಿ. ಜಾತಿಯಲ್ಲಿ ಸೀಮೆಹಸು. ವಾಸ, ಕೈವಾರದ ಪಕ್ಕದ ಹಳ್ಳಿಯಲ್ಲಿರುವ ನಮ್ಮ ಪದ್ಮಕ್ಕನ ಮನೆಯ ಕೊಟ್ಟಿಗೆ. ಮೇಕಪ್ ಬೇಡ, ರೀಟೇಕ್ ಅಂದರೆ ಮುಖ ಸಿಂಡರಿಸುವುದಿಲ್ಲ. ಊಟದ ವಿಷಯದಲ್ಲಿ ಮಾತ್ರ ದೊಡ್ಡ ಸ್ಟಾರ್‌ಗಳಿಗಿಂತ ಒಂದು ಕೈ ಮೇಲೆ. ಬೂಸಾ, ಹಿಂಡಿ ಬರುವುದು ಸ್ವಲ್ಪ ತಡವಾದರೂ ಸೆಟ್ಟಿನಲ್ಲಿ ರಂಪ.

ಚಿತ್ರ ಬಿಡುಗಡೆಯಾಗಿದ್ದು ವಾಟ್ಸಾಪ್ ಗ್ರೂಪಿನಲ್ಲಿ. ಉದ್ದೇಶ? ನಾಯಕಿಯನ್ನು ಮಾರುವುದು!

ಇದೆಲ್ಲ ಶುರುವಾಗಿದ್ದು ನನ್ನ ಬಾಯಿಯಿಂದ. ಹೋದ ತಿಂಗಳು ಚಿಕ್ಕಬಳ್ಳಾಪುರದ ಒಂದು ಕಾಲೇಜಿನವರು, ಪೇಪರಿನಲ್ಲಿ ನಾನು ಬರೆಯುವುದನ್ನು ನೋಡಿ ಫೋನ್ ಮಾಡಿ, "ಸಾರ್, ನಮ್ಮ ಮಕ್ಕಳಿಗೆ ಸಿನಿಮಾ ಕ್ಯಾಮೆರಾ ಬಗ್ಗೆ ಒಂದು ಗಂಟೆ ಮಾತಾಡಿ. ಬೇಸಿಕ್ ಆಗಿದ್ರೆ ಸಾಕು" ಅಂದರು. ಬೇಸಿಕ್ ಅಂದರೆ ನನಗೆ ಎಲ್ಲಿಲ್ಲದ ಧೈರ್ಯ. ನನಗೆ ಗೊತ್ತಿರುವುದೆಲ್ಲ ಬೇಸಿಕ್ಕೇ. ತಕ್ಷಣ ಒಪ್ಪಿಕೊಂಡೆ.

ಹೋಗಿ ನಿಂತು ಮಕ್ಕಳನ್ನು ಕೇಳಿದೆ: "ನೀವು ಈಚೆಗೆ ನೋಡಿದ ಸಿನಿಮಾದಲ್ಲಿ ಕ್ಯಾಮೆರಾ ಹೇಗಿತ್ತು?"

"ಸೂಪರ್ ಸಾರ್."

"ಸೂಪರ್ ಅಂದ್ರೆ ಏನಪ್ಪಾ?"

"ಸೂಪರ್ ಅಂದ್ರೆ... ಸೂಪರ್ ಸಾರ್."

ಅಲ್ಲಿಗೆ ವಿಮರ್ಶೆ ಮುಗಿಯಿತು. ಮಕ್ಕಳನ್ನು ಏನನ್ನುವುದು? ನಾವೂ ಅಷ್ಟೇ ತಾನೆ? ಥಿಯೇಟರಿನಿಂದ ಹೊರಗೆ ಬಂದು 'ಫೋಟೊಗ್ರಫಿ ಚೆನ್ನಾಗಿದೆ' ಅಂದುಬಿಟ್ಟರೆ ಅದರರ್ಥ ಉಳಿದಿದ್ದು ಯಾವುದೂ ಚೆನ್ನಾಗಿಲ್ಲ ಅಂತ. ಅಡುಗೆಯ ಬಗ್ಗೆ ಉಪ್ಪು, ಹುಳಿ, ಖಾರ, ಒಗ್ಗರಣೆ ಅಂತ ಬಿಡಿಬಿಡಿಯಾಗಿ ಜಗಳ ಆಡುವ ನಮಗೆ, ಕ್ಯಾಮೆರಾ ಬಗ್ಗೆ ಆಡಲು ನಾಲ್ಕು ಪದ ಇಲ್ಲ.

ಹಾಗಾಗಿ ನಾಲ್ಕು ಪದ ಹೇಳಿಕೊಟ್ಟೆ. ಪುಸ್ತಕದ ವ್ಯಾಖ್ಯಾನ ಹೇಳಿದರೆ ಆಕಳಿಸುತ್ತಾರೆ. ಅದಕ್ಕೇ ನಮ್ಮ ಕಡೆಯ ಉದಾಹರಣೆಗಳು.

ಮದುವೆ ಛತ್ರದಲ್ಲಿ ಮುಂದಿನ ಸಾಲಿನಲ್ಲಿ ಕೂತ ದೊಡ್ಡಮ್ಮ ಯಾರ್‍ಯಾರು ಬಂದಿದ್ದಾರೆ ಅಂತ ಎಡಗಡೆಯಿಂದ ಬಲಗಡೆಗೆ ನಿಧಾನವಾಗಿ ಕತ್ತು ತಿರುಗಿಸುತ್ತಾರಲ್ಲ, ಅದು ಪ್ಯಾನ್. ಅದೇ ದೊಡ್ಡಮ್ಮ ಹೊಸ ಸೊಸೆಯನ್ನು ಕಾಲುಂಗುರದಿಂದ ಹಿಡಿದು ಬೈತಲೆಯವರೆಗೆ ಅಳೆಯುತ್ತಾರಲ್ಲ, ಅದು ಟಿಲ್ಟ್. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ನಿಂತಿರುವುದಿಲ್ಲ, ಕಿಟಕಿಗೆ ಕರ್ಚೀಫು ಹಾಕಲು ಅದರ ಪಕ್ಕದಲ್ಲೇ ಓಡುತ್ತೀವಲ್ಲ, ನಮ್ಮ ಕಣ್ಣು ಆಗ ಮಾಡುವುದು ಟ್ರ್ಯಾಕಿಂಗ್. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿಗೆ ಅಪ್ಪ ಕಾಣುವುದು ಲೋ ಆಂಗಲ್‌ನಲ್ಲಿ. ನಂದಿ ಬೆಟ್ಟದ ಮೇಲೆ ನಿಂತು ಕೆಳಗಿನ ದ್ರಾಕ್ಷಿ ತೋಟಗಳನ್ನು ನೋಡಿ 'ಅಯ್ಯೋ, ಇಷ್ಟೇನಾ!' ಅನ್ನುವುದು ಹೈ ಆಂಗಲ್‌ನಲ್ಲಿ. ದೂರದಿಂದ ಇಡೀ ಊರು ಕಂಡರೆ ಲಾಂಗ್ ಶಾಟ್. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮೊರವನ್ನು ಮೂಗಿನ ಹತ್ತಿರ ತಂದುಕೊಂಡರೆ ಕ್ಲೋಸ್ ಅಪ್.

ಮಕ್ಕಳು ನಕ್ಕರು, ಚಪ್ಪಾಳೆ ತಟ್ಟಿದರು. ಯಾರೋ ಒಬ್ಬಳು ಇದನ್ನು ರೆಕಾರ್ಡ್ ಮಾಡಿ ನನಗೂ ಕಳಿಸಿದಳು. ನಾನು (ನಾಚಿಕೆಯಿಲ್ಲದೆ) ಸ್ಟೇಟಸ್ಸಿಗೆ ಹಾಕಿಕೊಂಡೆ. ಅದನ್ನು ನೋಡಿದವರಲ್ಲಿ ನಮ್ಮ ಭಾವನೂ ಒಬ್ಬರು. ಪದ್ಮಕ್ಕನ ಗಂಡ, ಮುನಿರಾಜು ಭಾವ.

ಮಾರನೇ ದಿನ ಫೋನು.

"ಏಮಯ್ಯಾ ಡೈರೆಕ್ಟರು! ದೊಡ್ಡ ಮನುಷ್ಯ ಆಗ್ಬಿಟ್ಟೆ. ಭಾನುವಾರ ಬಂದು ನಮ್ಮ ಲಚ್ಚೀದು ಒಂದು ವಿಡಿಯೊ ಮಾಡ್ಕೊಡು."

"ಯಾಕೆ ಭಾವ, ಹುಟ್ಟಿದ ಹಬ್ಬಾನಾ?"

"ಮಾರಣ ಅಂತ ಕಣಯ್ಯ. ಈಗೆಲ್ಲ ಗ್ರೂಪಿಗೆ ವಿಡಿಯೊ ಹಾಕ್ಬೇಕು. ವಿಡಿಯೊ ಚೆನ್ನಾಗಿದ್ರೆ ಮನೆ ಬಾಗ್ಲಿಗೇ ಬಂದು ಹೊಡ್ಕೊಂಡು ಹೋಗ್ತಾರೆ. ನಾನು ತೆಗುದ್ರೆ ಬರೀ ನನ್ ಬೆರಳೇ ಬರುತ್ತೆ."

ಕಾರಣ ಕೇಳಿದೆ. ಅಕ್ಕನ ಮಂಡಿನೋವು. ಕುಕ್ಕರುಗಾಲಲ್ಲಿ ಕೂರಲೇಬಾರದು ಅಂತ ಡಾಕ್ಟರು ಹೇಳಿದ್ದಾರೆ. ಕೂರದೆ ಹಾಲು ಕರೆಯುವುದು ಹೇಗೆ? ಭಾವ ಕರೆಯಬಹುದಿತ್ತು. ಆದರೆ ಲಚ್ಚಿ ಅಕ್ಕನ ಕೈ ಬಿಟ್ಟು ಬೇರೆ ಯಾರ ಕೈಯನ್ನೂ ಹತ್ತಿರ ಸೇರಿಸುವುದಿಲ್ಲ. ಭಾವ ಒಮ್ಮೆ ಪ್ರಯತ್ನಪಟ್ಟಿದ್ದರು. ಬಕೆಟ್ ಒಂದು ಕಡೆ, ಹಾಲು ಒಂದು ಕಡೆ, ಭಾವ ತಿಪ್ಪೆಯ ಕಡೆ. ಆಮೇಲೆ ಅವರು ಆ ಸಾಹಸಕ್ಕೆ ಕೈ ಹಾಕಿಲ್ಲ. ಇನ್ನೊಂದು ಹಸುವನ್ನು ಮೊದಲೇ ಕೊಟ್ಟಾಗಿತ್ತು. ಇದೂ ಹೋದರೆ ಕೊಟ್ಟಿಗೆ ಖಾಲಿ, ಅಕ್ಕನಿಗೆ ಆರಾಮ. ಗೌರಿಬಿದನೂರಿನಲ್ಲಿರುವ ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರಬಹುದು. ಭಾವನ ಲೆಕ್ಕಾಚಾರದಲ್ಲಿ ನನಗೂ ತಪ್ಪೇನೂ ಕಾಣಲಿಲ್ಲ. ಹೆಂಡತಿಯ ಮಂಡಿಗಾಗಿ ಹಸು ಮಾರುವ ಗಂಡಸರು ಎಷ್ಟು ಜನ ಇದ್ದಾರೆ ಹೇಳಿ?

ಭಾನುವಾರ ಬೆಳಿಗ್ಗೆ ಬೇಗನೇ ಹೋದೆ. ಅಕ್ಕ ಆಗಲೇ ಲಚ್ಚಿಯ ಮೈ ತೊಳೆದು, ಹಣೆಗೆ ಅರಿಶಿನ ಕುಂಕುಮ ಇಟ್ಟು, ಹೊಸ ಹಗ್ಗ ಕಟ್ಟಿ ನಿಲ್ಲಿಸಿದ್ದಳು. ಕುಂಟುತ್ತಲೇ ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟಳು. "ಊಟಕ್ಕೆ ಇರ್ತೀಯೇನೋ?" ಅಂತ ಕೇಳಿದ್ದು ಬಿಟ್ಟರೆ ಹೆಚ್ಚು ಮಾತಾಡಲಿಲ್ಲ. ಯಾವಾಗಲೂ ಚಟಪಟ ಅನ್ನುವ ಅಕ್ಕ. ನಾನು ಅದನ್ನು ಗಮನಿಸುವ ಸ್ಥಿತಿಯಲ್ಲೇ ಇರಲಿಲ್ಲ ಬಿಡಿ. ಕಾಫಿ ಲೋಟ ಕೆಳಗಿಟ್ಟು ಎರಡು ಕೈಯಲ್ಲಿ ಚೌಕ ಮಾಡಿಕೊಂಡು ಫ್ರೇಮ್ ನೋಡುತ್ತಿದ್ದೆ.

ಶೂಟಿಂಗ್ ಶುರು. ಮೊದಲಿಗೆ ಲಾಂಗ್ ಶಾಟ್: ಹಿಂದೆ ಹಿಪ್ಪುನೇರಳೆ ತೋಟ, ಮುಂದೆ ಲಚ್ಚಿ, ಎಳೆಬಿಸಿಲು. ಆಮೇಲೆ ನೆಲದ ಮೇಲೆ ಬೋರಲು ಮಲಗಿ ಲೋ ಆಂಗಲ್. ಲಚ್ಚಿ ಆನೆಯಷ್ಟು ದೊಡ್ಡದಾಗಿ ಕಂಡಿತು. (ನನ್ನ ಅಂಗಿಗೆ ಏನಾಯಿತು ಅಂತ ವಿವರಿಸುವುದಿಲ್ಲ. ನೆಲ ಕೊಟ್ಟಿಗೆಯದು, ಅಷ್ಟು ಹೇಳಿದರೆ ಸಾಕು.)

ಟ್ರ್ಯಾಕಿಂಗ್ ಶಾಟಿಗೆ ಹಸು ನಡೆಯಬೇಕು. ಭಾವ ಹಗ್ಗ ಎಳೆದರು. ಲಚ್ಚಿ ಕದಲಲಿಲ್ಲ. ನಾನು ಹಿಂದಿನಿಂದ 'ಹೈ' ಅಂದೆ. ಕಾಲು ಎತ್ತಿತು. ನಡೆಯುವುದಕ್ಕಲ್ಲ. ಕೊನೆಗೆ ಅಕ್ಕ ಬಂದು, ಹಗ್ಗ ಮುಟ್ಟದೆ, "ಬಾಮ್ಮ" ಅಂದು ಮುಂದೆ ನಡೆದಳು. ಲಚ್ಚಿ ಹಿಂದೆ ಹೊರಟಿತು. ಕುಂಟುವ ಅಕ್ಕ, ಅವಳ ನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ಕಾಲು ಹಾಕುವ ಹಸು, ಪಕ್ಕದಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆಯುವ ನಾನು. ಶಾಟ್ ಅಂದರೆ ಅದು!

"ಈಗ ಕೆಚ್ಚಲು ತೆಗಿ" ಅಂದರು ಭಾವ. "ಅದೇ ಮುಖ್ಯ. ಕೊಳ್ಳೋನು ಮುಖ ನೋಡಲ್ಲ."

ಕ್ಲೋಸ್ ಅಪ್ಪಿಗೆ ಬಗ್ಗಿದೆ. ಫೋನಿನ ತುಂಬ ಸೀರೆ. ಅಕ್ಕ ಅಡ್ಡ ನಿಂತಿದ್ದಳು.

"ಅಕ್ಕ, ಸ್ವಲ್ಪ ಸರಿ."

"ಕೆಚ್ಚಲು ತೆಗೀಬೇಡ ಕಣೋ. ದೃಷ್ಟಿ ಆಗುತ್ತೆ."

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಬಿದ ಕೆಚ್ಚಲನ್ನು ಕಂಡವರ ಕಣ್ಣಿಗೆ ಬೀಳಿಸುವುದಿಲ್ಲ. ಹಾಲಿನ ಕ್ಯಾನು ಡೇರಿಗೆ ಹೋಗುವಾಗಲೂ ಮೇಲೊಂದು ಬಟ್ಟೆ. ಅಕ್ಕನಂತೂ ಇದರಲ್ಲಿ ಬಲು ಕಟ್ಟುನಿಟ್ಟು. ಹಾಲು ಕರೆಯುವಾಗ ಅಳಿಯ ಬಂದರೂ ಹೊರಗೇ ನಿಲ್ಲಬೇಕು.

"ಮಾರೋ ಹಸುಗೆ ದೃಷ್ಟಿ ಏನಕ್ಕಾ?" ಅಂದೆ.

"ಮಾರೋವರ್ಗೂ ನಮ್ದೇ ತಾನೆ?" ಅಂದಳು.

ಭಾವ ತಲೆ ಚಚ್ಚಿಕೊಂಡರು. ನಾನು ಎಡಗಡೆ ಹೋದರೆ ಅಕ್ಕ ಎಡಗಡೆ. ಬಲಗಡೆ ಹೋದರೆ ಬಲಗಡೆ. ಮಂಡಿನೋವಿನ ಹೆಂಗಸು ಅಷ್ಟು ಚುರುಕಾಗಿ ಓಡಾಡಿದ್ದನ್ನು ನಾನು ಈಚೆಗಂತೂ ನೋಡಿರಲಿಲ್ಲ. ಕೊನೆಗೆ ಒಂದು ಗೋಣಿಚೀಲ ತಂದು ಲಚ್ಚಿಯ ಸೊಂಟದ ಮೇಲಿಂದ ಇಳಿಬಿಟ್ಟಳು. ಈಗ ಹಿಂದಿನ ಭಾಗ ಪೂರ್ತಿ ಸೆನ್ಸಾರ್.

ಇರಲಿ, ಕಲಾವಿದನಿಗೆ ಅಡ್ಡಿ ಇದ್ದರೇ ಕಲೆ ಅಂದುಕೊಂಡೆ. ಕೆಚ್ಚಲು ಇಲ್ಲದಿದ್ದರೆ ಕಣ್ಣು. ಲಚ್ಚಿಯ ಕಣ್ಣಿನ ಕ್ಲೋಸ್ ಅಪ್ ತೆಗೆದೆ. ರೆಪ್ಪೆಗೂದಲು ಒಂದೊಂದೂ ಕಾಣುತ್ತಿತ್ತು. ಮೂಗಿನಿಂದ ಹಣೆಯವರೆಗೆ ಟಿಲ್ಟ್. ಬೆನ್ನಿನ ಮೇಲೆ ಮೆಲ್ಲಗೆ ಪ್ಯಾನ್. ಮಧ್ಯಾಹ್ನ ಮುದ್ದೆ, ಹುರುಳಿಕಾಳು ಸಾರು ಉಂಡು, ಫೋನಿನಲ್ಲೇ ಎಡಿಟ್ ಮಾಡಿ, ಹಿಂದೆ ಕೊಳಲಿನ ನಾದ ಸೇರಿಸಿದೆ. ನೋಡಿಕೊಂಡು ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಭಾವ ಅರೆಮನಸ್ಸಿನಿಂದ ಅದನ್ನು ಹಸು ಮಾರಾಟದ ಗ್ರೂಪಿಗೆ ಹಾಕಿದರು.

ಒಂದೊಂದೇ ವಿಮರ್ಶೆ ಬರತೊಡಗಿತು. ಎಲ್ಲ ವಾಯ್ಸ್ ಮೆಸೇಜು.

"ಅಣ್ಣಾ, ಹಸು ಮಾರ್ತಿದೀರಾ, ಕೊಳಲು ಮಾರ್ತಿದೀರಾ?"

"ಸಾರ್, ಅಮ್ಮನೋರು ಚೆನ್ನಾಗಿ ಕಾಣ್ತಾರೆ. ಹಸೂನೂ ಒಸಿ ತೋರ್ಸಿ."

ಮುರುಗಮಲ್ಲದ ಕಡೆಯವರೊಬ್ಬರು ತೆಲುಗಿನಲ್ಲಿ, "ಪಾಟ ಬಾಗುಂದಿ ಸಾರ್. ಪೊದುಗೆಕ್ಕಡ?" ಅಂದರು. (ಹಾಡು ಚೆನ್ನಾಗಿದೆ, ಕೆಚ್ಚಲು ಎಲ್ಲಿ?)

ಇನ್ನೊಬ್ಬರು, "ಗೋಣಿಚೀಲ ಯಾಕೆ? ಕೆಚ್ಚಲಲ್ಲೇನಾದ್ರೂ ಐಬಾ?" ಅಂದರು.

ಈ ಕೊನೆಯದು ಭಾವನಿಗೆ ಚುರುಕ್ ಅಂದಿತು. ಕೊಳ್ಳುವವರಿಗೆ ಒಮ್ಮೆ ಅನುಮಾನ ಬಂದರೆ ಮುಗಿಯಿತು, ಆಮೇಲೆ ಹಸು ಹೋಗುವುದಿಲ್ಲ. "ನಿನ್ ಕಲೆ ಸಾಕು" ಅಂತ ನನಗೆ ಬೈದರು. ಅಕ್ಕನ ಕಡೆ ತಿರುಗಿ, "ಸಾಯಂಕಾಲ ಹಾಲು ಕರೆಯೋವಾಗ ಇವನು ತೆಗೀತಾನೆ. ಬಕೆಟ್ಟಲ್ಲಿ ನೊರೆ ಕಾಣ್ಬೇಕು, ಕೆಚ್ಚಲು ಕಾಣ್ಬೇಕು. ದೃಷ್ಟಿ ಗಿಷ್ಟಿ ಅಂದ್ರೆ ಈ ಜನ್ಮದಲ್ಲಿ ಇದು ಮಾರಾಟ ಆಗಲ್ಲ" ಅಂದರು.

ಅಕ್ಕ ಎದ್ದು ಹೋಗಿ ಬೂಸಾ ಕಲಸಿದಳು.

ಸಂಜೆಯಾಯಿತು. ಅಕ್ಕ ನೈಟಿಯ ಮೇಲೊಂದು ಟವೆಲ್ ಹಾಕಿಕೊಂಡು, ಲಚ್ಚಿಯ ಪಕ್ಕದಲ್ಲಿ ಕೈಯೂರಿ, 'ಅಮ್ಮಾ' ಅಂತ ನರಳುತ್ತಾ ಕೂತಳು. ನನಗೆ ಮೊದಲ ಬಾರಿ ಒಳಗೆ ಬರಲು ಅಪ್ಪಣೆಯಾಗಿತ್ತು. ಭಾವ ಹೊರಗೆ ಯಾರೊಂದಿಗೋ ಫೋನಿನಲ್ಲಿದ್ದರು. ನಾನು ಫೋನ್ ಹಿಡಿದು ಬಗ್ಗಿದೆ. ಕ್ಲೋಸ್ ಅಪ್. ಕೆಚ್ಚಲು, ಅಕ್ಕನ ಎರಡು ಕೈ, ಬಕೆಟ್ಟಿಗೆ ಬೀಳುವ ಧಾರೆ, ಏರುವ ನೊರೆ. ಭಾವ ಹೇಳಿದ್ದೆಲ್ಲ ಇತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು.

ನಿಲ್ಲಿಸದೆ ಕೈ ತಾನಾಗಿ ಮೇಲಕ್ಕೆ ಹೋಯಿತು. ಟಿಲ್ಟ್. ಕೈಯಿಂದ ಮೊಣಕೈ, ಭುಜ, ಮುಖ. ಅಕ್ಕ ಲಚ್ಚಿಯ ಹೊಟ್ಟೆಗೆ ಹಣೆ ಒತ್ತಿಕೊಂಡಿದ್ದಳು. ಕಣ್ಣು ಮುಚ್ಚಿದ್ದವು, ಕೆನ್ನೆ ಒದ್ದೆ. ಹಾಲಿನ ಸದ್ದಿನ ಜೊತೆಗೆ ಅವಳು ಮೆಲ್ಲಗೆ ಮಾತಾಡುವುದೂ ಕೇಳಿಸುತ್ತಿತ್ತು.

"ಹೋದ ಮನೇಲಿ ಒದೀಬೇಡ ಕಣಮ್ಮ. ಯಾರು ಬಂದು ಕೂತ್ರೂ ಸುಮ್ನೆ ನಿಂತ್ಕೋ. ಒದ್ರೆ ಹೊಡೀತಾರೆ. ಹೊಡಿಸ್ಕೋಬೇಡಮ್ಮ, ನಮ್ಮಮ್ಮ ಅಲ್ವಾ."

ರೆಕಾರ್ಡಿಂಗ್ ನಿಲ್ಲಿಸಿದೆ. ಮೆಲ್ಲಗೆ ಹೊರಗೆ ಬಂದೆ. ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು. ಬೆಳಿಗ್ಗೆಯಿಂದ ಅಕ್ಕನನ್ನು ಎಷ್ಟು ಆಂಗಲ್‌ನಲ್ಲಿ 'ಸ್ವಲ್ಪ ಸರಿ, ಸ್ವಲ್ಪ ಸರಿ' ಅಂತ ಫ್ರೇಮಿನಿಂದ ಆಚೆಗೆ ತಳ್ಳಿದ್ದೆ!

ಭಾವ ಫೋನ್ ಇಟ್ಟು, "ಬಂತಾ ಕೆಚ್ಚಲು?" ಅಂದರು. ನಾನು ವಿಡಿಯೊ ಹಾಕಿ ಕೈಗೆ ಕೊಟ್ಟೆ. ಜಗುಲಿಯ ಮೇಲೆ ಕೂತು ನೋಡಿದರು. ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡಿದರು. ಧ್ವನಿ ಜಾಸ್ತಿ ಮಾಡಿಕೊಂಡು ಕಿವಿಯ ಹತ್ತಿರ ಇಟ್ಟುಕೊಂಡರು. ಆಮೇಲೆ ಫೋನನ್ನು ನನಗೆ ವಾಪಸ್ ಕೊಟ್ಟು, "ಇದನ್ನ ಗ್ರೂಪಿಗೆ ಹಾಕ್ಬೇಡ" ಅಂದರು.

ಅಕ್ಕ ಬಕೆಟ್ಟಿನ ಮೇಲೆ ಬಟ್ಟೆ ಮುಚ್ಚಿಕೊಂಡು ಹೊರಗೆ ಬಂದಳು. ಭಾವ ನೇರವಾಗಿ ಕೇಳಿದರು: "ಮನಸ್ಸಲ್ಲಿ ಇಷ್ಟೊಂದು ಇಟ್ಕೊಂಡು ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ನೀವು ಕೇಳಿದ್ರಾ?" ಅಂದಳು ಅಕ್ಕ. ದನಿ ಏರಿಸಲಿಲ್ಲ. "ಮಂಡಿ ನೋಯುತ್ತೆ ಅಂದೆ. ಹಸು ಬೇಡ ಅಂದೆನಾ?"

ನಾನು ಹಿಪ್ಪುನೇರಳೆ ತೋಟದ ಕಡೆ ನೋಡಿದೆ. ಗಂಡ ಹೆಂಡತಿಯ ಮಾತಿನ ಮಧ್ಯೆ ಕ್ಯಾಮೆರಾಮನ್‌ಗೆ ಏನು ಕೆಲಸ?

ಪಾಪ, ಭಾವ ಅಂದುಕೊಂಡಿದ್ದು ಒಳ್ಳೆಯದನ್ನೇ. ಒಳ್ಳೆಯದನ್ನು ಅಂದುಕೊಂಡ ಮೇಲೆ ಕೇಳುವುದೇನು ಅನ್ನುವುದು ನಮ್ಮ ಗಂಡಸರ ಕಾಯಿಲೆ. ನನಗೂ ಇದೆ. ಕೊನೆಗೆ ಭಾವ ಕೇಳಿದರು, "ಸರಿ, ಇಟ್ಕೊಳಣ. ಕರೆಯೋರು ಯಾರು? ನೀನು ಕೂರೋ ಹಾಗಿಲ್ಲ, ನನ್ನನ್ನ ಅದು ಸೇರ್ಸಲ್ಲ."

ಅಕ್ಕನಿಗೆ ಇದಕ್ಕೆ ಉತ್ತರ ರೆಡಿ ಇತ್ತು. ಬಹುಶಃ ಎಷ್ಟೋ ದಿನದಿಂದ ರೆಡಿ ಇತ್ತು.

"ಅದು ಸೇರ್ಸೋದು ನನ್ನನ್ನಲ್ಲ. ನನ್ ವಾಸನೇನ. ನನ್ ನೈಟಿ ಹಾಕ್ಕೊಂಡು ಕೂತ್ಕೊಳಿ."

ಭಾವ ನನ್ನನ್ನು ನೋಡಿದರು. ನಾನು ತಕ್ಷಣ ಕೊನೆಯ ಬಸ್ಸು ಬಿಟ್ಟುಬಿಡುವ ತೀರ್ಮಾನ ಮಾಡಿದೆ. ಇಂಥದ್ದನ್ನು ನೋಡದೆ ಊರಿಗೆ ಹೋಗುವ ಮೂರ್ಖ ನಾನಲ್ಲ.

ಬೆಳಗಾಯಿತು. ಭಾವ ಮೊದಲು ಬೀದಿ ಬಾಗಿಲು ಹಾಕಿದರು. ಆಮೇಲೆ ಹಿಂದಿನ ಬಾಗಿಲು. ಆಮೇಲೆ ಪಕ್ಕದ ಮನೆಯ ಕಡೆಯ ಕಿಟಕಿ. ಕೊನೆಗೆ ಹೊರಗೆ ಬಂದರು. ಹಳದಿ ಹೂವಿನ ನೈಟಿ, ಹೆಗಲ ಮೇಲೆ ಅಕ್ಕನ ಟವೆಲ್, ಅದರ ಮಧ್ಯೆ ಭಾವನ ಪೊದೆ ಮೀಸೆ. ನೈಟಿ ಮೊಣಕಾಲಿನ ಕೆಳಗೆ ಒಂದು ಗೇಣಿಗೇ ಮುಗಿದಿತ್ತು. ನಾನು ಕೆಮ್ಮು ಬಂದವನ ಹಾಗೆ ಆ ಕಡೆ ತಿರುಗಿಕೊಂಡೆ.

"ನಕ್ಕಿಯೋ, ಕಾಲು ಮುರೀತೀನಿ" ಅಂದರು ಭಾವ.

ಅಕ್ಕ ಲಚ್ಚಿಯ ಮುಂದೆ ನಿಂತು ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ತುರಿಸತೊಡಗಿದಳು. ಭಾವ ಒಂದೊಂದೇ ಹೆಜ್ಜೆ ಇಟ್ಟು ಪಕ್ಕಕ್ಕೆ ಬಂದು ಕೂತರು. ಲಚ್ಚಿ ಕತ್ತು ತಿರುಗಿಸಿತು. ನೈಟಿ ಮೂಸಿತು. ಮೀಸೆ ನೋಡಿತು. ಮತ್ತೆ ನೈಟಿ ಮೂಸಿತು. ಅದರ ಮುಖದಲ್ಲಿ ಅಷ್ಟು ಗೊಂದಲವನ್ನು ನಾನು ಯಾವ ನಟನ ಮುಖದಲ್ಲೂ ಕಂಡಿಲ್ಲ. ಒಂದು ಹಿಂಗಾಲು ಮೆಲ್ಲಗೆ ಮೇಲೆದ್ದಿತು. ಭಾವ ಕಣ್ಣು ಮುಚ್ಚಿಕೊಂಡರು. "ಅಮ್ಮಾ..." ಅಂದಳು ಅಕ್ಕ. ಯಾರಿಗೆ ಅಂದಳೋ, ಕಾಲು ಕೆಳಗಿಳಿಯಿತು.

ಜುಯ್ಯ್ ಅಂತ ಮೊದಲ ಧಾರೆ. ಅರ್ಧ ಬಕೆಟ್ಟಿಗೆ, ಅರ್ಧ ನೈಟಿಗೆ.

"ತೊಟ್ಟು ಎಳೀಬೇಡಿ, ಹಿಂಡಿ! ಅದೇನು ಗಂಟೆ ಹಗ್ಗಾನಾ?"

"ಸುಮ್ನಿರೆ, ಬರ್ತಾ ಇದೆ."

ನಾನು ಗೋಡೆಗೆ ಒರಗಿ ಫೋನ್ ತೆಗೆದೆ. ಅಲ್ಲಾಡಿಸಲಿಲ್ಲ. ಜೂಮ್ ಇಲ್ಲ, ಪ್ಯಾನ್ ಇಲ್ಲ, ಟಿಲ್ಟ್ ಇಲ್ಲ, ಕೊಳಲೂ ಇಲ್ಲ. ಲಚ್ಚಿ, ಅಕ್ಕ, ಭಾವ ಮೂವರೂ ಒಂದೇ ಫ್ರೇಮಿನಲ್ಲಿ ಹಿಡಿಸುವಷ್ಟು ದೂರ ನಿಂತೆ, ಅಷ್ಟೇ.

ನಡುವೆ ಭಾವನ ಫೋನ್ ಬಡಿದುಕೊಂಡಿತು. ನಾನೇ ಎತ್ತಿ ಸ್ಪೀಕರಿಗೆ ಹಾಕಿದೆ. ನಿನ್ನೆಯ ತೆಲುಗಿನವರು. ಈಗ ಕನ್ನಡದಲ್ಲೇ ಶುರು ಮಾಡಿದರು.

"ಸಾರ್, ಕೆಚ್ಚಲು ಕಾಣ್ದಿದ್ರೂ ಪರವಾಗಿಲ್ಲ. ಆ ಅಮ್ಮನ ಹಿಂದೆ ಹಗ್ಗ ಇಲ್ದೆ ನಡೀತಲ್ಲ, ಅಂಥ ಹಸು ನಮಗೆ ಬೇಕು. ಇದೆಯಾ, ಮಾರಾಟ ಆಗೋಯ್ತಾ?"

ನಾನು ಭಾವನ ಮುಖ ನೋಡಿದೆ. ಭಾವ ಕೈ ನಿಲ್ಲಿಸದೆ ಕೂಗಿ ಹೇಳಿದರು: "ಆಗೋಯ್ತು ಸ್ವಾಮಿ!"

"ಅಯ್ಯೋ! ಯಾರು ತಗೊಂಡ್ರು?"

"ನಮ್ಮನೆಯೋರು!"

ಅಕ್ಕ ಆಗ ನಕ್ಕಳು ನೋಡಿ. ಲಚ್ಚಿಯ ಕತ್ತು ಹಿಡಿದುಕೊಂಡು, ಬಗ್ಗಿ ಬಗ್ಗಿ ನಕ್ಕಳು. ನಕ್ಕು ನಕ್ಕು ಬಂದ ಕಣ್ಣೀರನ್ನು ಸೆರಗಿನಿಂದ ಒರೆಸಿಕೊಂಡು, ನನ್ನ ಪಕ್ಕಕ್ಕೆ ಬಂದು ನಿಂತು, ಗಂಡ ಹಾಲು ಕರೆಯುವುದನ್ನೇ ನೋಡುತ್ತಾ ಅಂದಳು:

"ಲೋ, ಈ ಕೊಟ್ಟಿಗೇಲಿ ಹಾಲು ಕರೆಯೋದನ್ನ ನಾನು ನಿಂತ್ಕೊಂಡು ನೋಡಿದ್ದು ಇದೇ ಮೊದಲು ಕಣೋ."

ಮುಂದಿನ ವಾರ ಅಕ್ಕ ಗೌರಿಬಿದನೂರಿನ ಮಗಳ ಮನೆಗೆ ಹೊರಟಿದ್ದಾಳೆ. ಎರಡು ನೈಟಿ ಒಗೆಯದೆ ಇಟ್ಟು ಹೋಗಬೇಕು ಅಂತ ಭಾವನ ಷರತ್ತು. (ಇದನ್ನೆಲ್ಲ ಪೇಪರಿನಲ್ಲಿ ಬರೆಯಬೇಡ ಅಂತ ಅವರು ನನಗೆ ಕೈ ಮುಗಿದಿದ್ದರು. ಕ್ಷಮಿಸಿ ಭಾವ.)

ಗಂಡಸು ಓದುಗರೇ, ನಿಮ್ಮನ್ನೊಂದು ಕೇಳಲೇ? ನಿಮ್ಮ ಮನೆಯ ನೈಟಿ ನಿಮಗೆ ಸರಿಹೋಗುತ್ತದಾ, ಒಂದು ಸಲವಾದರೂ ಹಾಕಿ ನೋಡಿದ್ದೀರಾ?